ಮುಕಾದಮರಿಗೆ ಹೇಳದೆ ಉಳಿದ ಮಾತು

ಕಳೆದ ವಾರ ಅಕ್ಕಿ ತರಲು ಹೋದಾಗ ಅಂಗಡಿಯವನು ನನ್ನನ್ನು ಹಿಂದಿನ ಗೋದಾಮಿಗೆ ಕರೆದೊಯ್ದ. ಅಲ್ಲಿ ಖಾಲಿ ಗೋಣಿಚೀಲಗಳನ್ನು ಮಡಿಸಿ ಆಳೆತ್ತರಕ್ಕೆ ಪೇರಿಸಿಟ್ಟಿದ್ದರು. ಆ ವಾಸನೆ... ಸೆಣಬಿನದ್ದು, ಹಳೆಯ ಧಾನ್ಯದ್ದು, ಯಾರದೋ ಬೆವರಿನದ್ದು. ಯಾವ ಅಕ್ಕಿ ಬೇಕು ಎಂದು ಅವನು ಎರಡು ಸಲ ಕೇಳಿದನಂತೆ. ನಾನು ಅಷ್ಟು ಹೊತ್ತಿಗಾಗಲೇ ಗೋವಾದಲ್ಲಿ, ಮುಕಾದಮರ ಮಂಚದ ಪಕ್ಕದಲ್ಲಿದ್ದೆ.

ಎರಡು ಸಾವಿರದ ಆರೋ ಏಳೋ ಇರಬೇಕು. ಓದು ಮುಗಿಸಿ ಮೈಸೂರಿನಿಂದ ಹೋಗಿ, ಬಂದರಿನ ಕಡೆಯ ಒಂದು ಆಸ್ಪತ್ರೆಯಲ್ಲಿ ಕಿರಿಯ ವೈದ್ಯೆಯಾಗಿ ಸೇರಿದ್ದೆ. ಗೋವಾ ಅಂದಾಗ ಗೆಳತಿಯರು ಹೊಟ್ಟೆಕಿಚ್ಚು ಪಟ್ಟಿದ್ದರು. ನಾನು ಕಡಲು ನೋಡಿದ್ದು ವಾರ್ಡಿನ ಕಿಟಕಿಯಿಂದ, ಅದೂ ಕ್ರೇನುಗಳ ಸಂದಿಯಲ್ಲಿ. ಬಂದರಿನ ಕೂಲಿಗಳು ವಾಸವಿದ್ದ ಸಡಾ ಎಂಬ ಗುಡ್ಡದಿಂದ ಇಳಿದು ಬರುವ ರೋಗಿಗಳಲ್ಲಿ ಮುಕ್ಕಾಲು ಪಾಲು ಬಾಗಲಕೋಟೆ, ಗದಗ, ಬಿಜಾಪುರದ ಕಡೆಯವರು. ಅವರ ಮಾತು ತಿಳಿಯುವ ಡಾಕ್ಟರು ಇಡೀ ಆಸ್ಪತ್ರೆಗೆ ನಾನೊಬ್ಬಳೇ. ಹಿರಿಯ ಡಾಕ್ಟರು ಕೊಂಕಣಿಯಲ್ಲಿ ಅರ್ಧ ವಾಕ್ಯ ಹೇಳಿ ಮುಂದಿನ ಮಂಚಕ್ಕೆ ಹೋಗಿಬಿಡುತ್ತಿದ್ದರು, ಉಳಿದರ್ಧ ನನ್ನ ಪಾಲು. ಕೆಟ್ಟ ಸುದ್ದಿಗಳೆಲ್ಲ ಆ ಉಳಿದರ್ಧದಲ್ಲೇ ಇರುತ್ತಿದ್ದವು. ಒಂದೂವರೆ ವರ್ಷಕ್ಕೇ ನನಗೆ ಎಷ್ಟು ಸುಸ್ತಾಗಿತ್ತೆಂದರೆ, ರಜೆಯ ದಿನ ಕೂಡ ನಿದ್ದೆ ಬರುತ್ತಿರಲಿಲ್ಲ.

ಮುಕಾದಮರು ಬಂದರಿನ ಹಮಾಲರ ಒಂದು ಗುಂಪಿಗೆ ಯಜಮಾನರಾಗಿದ್ದವರು. ಮೂವತ್ತು ವರ್ಷ ಮೂಟೆ ಹೊತ್ತು, ಹೊರಿಸಿ, ಕೊನೆಗೆ ಶ್ವಾಸಕೋಶ ಎರಡನ್ನೂ ಕೆಡಿಸಿಕೊಂಡು ಬಂದಿದ್ದರು. ಅದರಲ್ಲಿ ಬೀಡಿಯ ಪಾಲೆಷ್ಟು, ಧೂಳಿನದೆಷ್ಟು ಎಂದು ಬೇರ್ಪಡಿಸುವುದು ನನ್ನಿಂದಾಗಲಿಲ್ಲ. ನಾನು ಬಂದ ಮೇಲೆ ಅದು ಅವರ ಮೂರನೆಯ ಸಲದ ದಾಖಲಾತಿ. ಅವರು ಮಲಗುತ್ತಿರಲಿಲ್ಲ. ಮಂಚದ ಮೇಲೆ ಕೂತು, ಮುಂದಿನ ಊಟದ ಮೇಜಿನ ಮೇಲೆ ಒಂದು ಮಡಿಸಿದ ಗೋಣಿಚೀಲ ಇಟ್ಟು, ಅದಕ್ಕೆ ಹಣೆಯಾನಿಸಿ, ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿಕೊಂಡು ಹಗಲು ರಾತ್ರಿ ಕಳೆಯುತ್ತಿದ್ದರು. ಚೀಲ ಕಂಡು ಸಿಸ್ಟರ್ ರೇಗಿದರು. ದಿಂಬು ಕೊಡುತ್ತೇನೆ, ಅದನ್ನು ಬಿಡಿ ಎಂದು ನಾನೂ ಹೇಳಿದೆ.

"ದಿಂಬ ಮೆತ್ತಗಿರ್ತೈತ್ರಿ, ತಲಿ ಒಳಗ ಇಳೀತೈತಿ. ಚೀಲ ಹಂಗಲ್ಲ, ತಲಿ ಹೊರತೈತಿ" ಅಂದರು. ಮಧ್ಯಾಹ್ನದ ಬಿಡುವಿನಲ್ಲಿ ಹಮಾಲರೆಲ್ಲ ಹೀಗೇ ಕೂತು ನಿದ್ದೆ ತೆಗೆಯುವುದಂತೆ, ಮಲಗಿದರೆ ಮತ್ತೆ ಏಳಲು ಮೈ ಒಪ್ಪುವುದಿಲ್ಲವಂತೆ. ಕೊನೆಗೆ ಆಸ್ಪತ್ರೆಯ ಬೆಡ್‌ಶೀಟಿನಲ್ಲಿ ಚೀಲವನ್ನು ಸುತ್ತಿಕೊಟ್ಟೆ. ಸಿಸ್ಟರಿಗೂ ಸಮಾಧಾನ, ಅವರಿಗೂ ಸಮಾಧಾನ.

ಅವರಿಗೆ ಉಸಿರು ಕಡಿಮೆ, ಮಾತು ಜಾಸ್ತಿ. ನಾಲ್ಕು ಶಬ್ದಕ್ಕೊಮ್ಮೆ ನಿಂತು, ದಮ್ಮು ತೆಗೆದುಕೊಂಡು, ಮತ್ತೆ ಶುರು. "ಡಾಕ್ಟರವ್ವಾ, ನಿಮ್ಮ ಕನ್ನಡ ತೊಳದು ಇಸ್ತ್ರಿ ಮಾಡಿದಂಗೈತಿ ಬಿಡ್ರಿ" ಎಂದು ನನ್ನ ಕಾಲೆಳೆಯುತ್ತಿದ್ದರು. ನಿಜ ಹೇಳಬೇಕೆಂದರೆ ಆ ವಾರ್ಡಿನಲ್ಲಿ ನನ್ನನ್ನು ನಗಿಸುತ್ತಿದ್ದವರು ಅವರೊಬ್ಬರೇ. ರೌಂಡ್ಸ್ ಮುಗಿದ ಮೇಲೆ ನೆಪ ಹುಡುಕಿಕೊಂಡು ಅವರ ಮಂಚದ ಬಳಿ ಹೋಗಿ ನಿಲ್ಲುತ್ತಿದ್ದೆ.

ಒಂದು ದಿನ ಹಾಗೆ ನಿಂತಿದ್ದಾಗ ಅವರು ನಗಿಸಲಿಲ್ಲ. ತಮ್ಮ ಗುಂಪಿನ ಒಬ್ಬನ ಸಾವಿನ ಕಥೆ ಹೇಳಿದರು. ಅವನು ಬೇರೊಂದು ಆಸ್ಪತ್ರೆಯಲ್ಲಿ ತೀರಿಕೊಂಡನಂತೆ. ಊರಿನಿಂದ ಜನ ಬರುವ ತನಕ ಹೆಣವನ್ನು ಎರಡು ದಿನ ಬರ್ಫದ ಪೆಟ್ಟಿಗೆಯಲ್ಲಿ ಇಟ್ಟರಂತೆ.

"ನಮ್ಮವರಾಗ ಸತ್ತವರನ್ನ ಮಲಗಸೂದಿಲ್ರಿ. ಕುಂದರಿಸಿ, ಇಬತ್ತಿ ಹಚ್ಚಿ, ಕುಂತಂಗನ ಮಣ್ಣ ಕೊಡ್ತೇವಿ. ಅಂವಾ ಪೆಟಗಿಯಿಂದ ಹೊರಗ ಬಂದಾಗ ಕಟಗಿ ಆಗಿದ್ದ. ಮುಕಾದಮ ಅಲ್ಲೇನ್ರಿ ನಾ, ಮೊಣಕಾಲ ಮಡಚಾಕ ನನ್ನ ಕರದ್ರು. ಒತ್ತಿದೆ. ಲಟಕ್ ಅಂತು..." ಎಂದು ನಿಲ್ಲಿಸಿ ಚೀಲಕ್ಕೆ ಹಣೆಯಾನಿಸಿದರು. ನಮ್ಮ ಮನೆಯಲ್ಲಿ ಸುಡುವ ಪದ್ಧತಿ. ಕೂರಿಸಿ ಮಣ್ಣು ಮಾಡುವುದನ್ನು ನಾನು ಕೇಳಿದ್ದೆ, ಅದಕ್ಕೆ ಹೊತ್ತು ಮೀರಬಾರದು ಎಂದು ಯೋಚಿಸಿರಲಿಲ್ಲ.

ಸ್ವಲ್ಪ ಸುಧಾರಿಸಿಕೊಂಡು ಅವರೇ ಮುಂದುವರಿಸಿದರು. "ಸಾಯೂದಕ್ಕ ಅಂಜಿಲ್ರಿ ನಾ. ಹೊತ್ತ ಬಂದಾಗ ಹೇಳ್ರಿ, ಅಷ್ಟ. ಮನೀಗೆ ಹೋಗಿ ಗ್ವಾಡಿಗೆ ಆತು ಕುಂದರ್ತೇನಿ. ಅಯ್ಯಾರು ಕೊಟ್ಟ ಪಾದೋದಕ ಐತಿ, ಮನಿಯಾಕಿ ಬಾಯಾಗ ಹಾಕ್ತಾಳ. ನೀವು ಬಾಯಾಗ ಪೈಪ್ ಹಾಕಬ್ಯಾಡ್ರಿ. ಮೂಗಿಗೆ ತುಪ್ಪಾನೂ ಹಚ್ಚಬ್ಯಾಡ್ರಿ, ಖರೇ ಹೇಳ್ರಿ."

"ಆಯ್ತು, ಹೇಳ್ತೀನಿ" ಅಂದೆ. ಅವರು ಕೇಳಿದ್ದನ್ನು ಕೇಸ್ ಪೇಪರಿನಲ್ಲಿ ಬರೆಯಲಿಲ್ಲ. ಅಂಥದ್ದನ್ನು ಬರೆಯಲು ಆ ಕಾಗದದಲ್ಲಿ ಜಾಗವೇ ಇರಲಿಲ್ಲ.

ಮುಂದಿನ ಗುರುವಾರ ಅವರ ರಕ್ತದ ವರದಿ ಬಂತು. ಕಾಲಿನ ಬಾವು ಮಂಡಿ ದಾಟಿತ್ತು, ಮಾತಿನ ನಡುವೆ ತೂಕಡಿಕೆ ಬರತೊಡಗಿತ್ತು. ಹೊತ್ತು ಬಂದಿತ್ತು. ವರದಿಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಹೋದೆ. ಅವರು ಪಕ್ಕದ ಮಂಚದವನ ಗೊರಕೆಯನ್ನು ಅಣಕಿಸುತ್ತಿದ್ದರು. ಊಟ ಆಯ್ತಾ ಎಂದು ಕೇಳಿ ಬಂದುಬಿಟ್ಟೆ. ಶುಕ್ರವಾರ ಹಿಂದಿನ ದಿನದ ಡ್ಯೂಟಿ ಮುಗಿದಿರಲಿಲ್ಲ, ನಿಂತಲ್ಲೇ ಕಣ್ಣು ಮುಚ್ಚುತ್ತಿತ್ತು, ನಾಳೆ ಹೇಳೋಣ ಅಂದುಕೊಂಡೆ. ಶನಿವಾರ ಅವರೇ ಕೇಳಿದರು, "ಏನರ ಹೇಳೂದೈತೇನ್ರಿ?" ನಾನು "ಏನಿಲ್ಲ, ನೀರು ಕಡಿಮೆ ಕುಡೀರಿ" ಎಂದೆ. ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ಇಲ್ಲಿ ನಾಳೆ ಎಂದವಳು ನಾನು, ಹಾಳಾದದ್ದು ಬೇರೆಯವರ ಮನೆ. ದಣಿವನ್ನು ನೆಪ ಮಾಡಿಕೊಂಡೆನೇ ಹೊರತು ಕಾರಣ ಅದಲ್ಲ. ಹೇಳಿದರೆ ಅವರು ಎದ್ದು ಹೋಗುತ್ತಾರೆ, ಆ ಮಂಚ ಖಾಲಿಯಾಗುತ್ತದೆ. ಅದು ನನಗೆ ಬೇಡವಾಗಿತ್ತು.

ಸೋಮವಾರ ಮಧ್ಯಾಹ್ನ ಸಿಸ್ಟರ್ ಕೂಗಿದರು. ಮುಕಾದಮರ ತಲೆ ಚೀಲದಿಂದ ಜಾರಿ ಪಕ್ಕಕ್ಕೆ ವಾಲಿತ್ತು, ತುಟಿ ನೀಲಿಯಾಗಿತ್ತು. ಆಗ ನಾನು ಯೋಚಿಸಲಿಲ್ಲ, ಕೈ ತಾನೇ ಕೆಲಸ ಮಾಡಿತು. ಅವರನ್ನು ಅಂಗಾತ ಮಲಗಿಸಿ, ಬಾಯಿ ತೆರೆದು, ನಳಿಗೆ ಇಳಿಸಿದೆ. ಮೊದಲ ಯತ್ನಕ್ಕೇ ಇಳಿಯಿತು. ಓಡಿಬಂದ ಹಿರಿಯ ಡಾಕ್ಟರು ಶಾಭಾಸ್ ಎಂದರು. ಆಗ ನೆನಪಾಯಿತು, ಯಾರ ಬಾಯಿ ಅದು ಎಂದು.

ಸಂಜೆ ಕೆಲಸದ ಮನೆಗಳಿಂದ ಅವರ ಹೆಂಡತಿ ಬಂದರು. ಒಳಗೆ ಬಿಟ್ಟಾಗ ಮಂಚದ ತಲೆಯ ಕಡೆಗೆ ಬಂದರು. ಸೆರಗಿನ ಗಂಟಿನಿಂದ ಒಂದು ಸಣ್ಣ ಬಾಟಲಿ ತೆಗೆದರು, ಔಷಧಿಯದ್ದು, ಚೆನ್ನಾಗಿ ತೊಳೆದದ್ದು. ಅದರಲ್ಲಿತ್ತು ಆ ಪಾದೋದಕ.

"ಬಾಯಿ ತುಂಬೈತಲ್ರಿ... ಎಲ್ಲಿ ಹಾಕ್ಲಿ?" ಎಂದು ಕೇಳಿದರು.

ನಾಲ್ಕು ದಿನ ಹಾಗೇ ಇದ್ದರು. ಮೂವತ್ತು ವರ್ಷ ಮೂಟೆ ಎತ್ತಿದ ಕೈಗಳನ್ನು, ನಳಿಗೆ ಕೀಳದಿರಲೆಂದು, ಬ್ಯಾಂಡೇಜು ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದೆವು. ಎರಡನೆಯ ದಿನ ಅವರು ಕಣ್ಣು ಬಿಟ್ಟು ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿತ್ತೋ, ಪ್ರಶ್ನೆಯಿತ್ತೋ, ನಾನು ತಿಳಿಯಲು ನಿಲ್ಲಲಿಲ್ಲ. "ಸುಮ್ನೆ ಮಲಗಿ" ಎಂದು ಹೇಳಿ, ನಿದ್ದೆಯ ಔಷಧಿ ಹೆಚ್ಚು ಮಾಡಿಸಿದೆ. ಯಾರಿಗೆ ಹೇಳಿದೆ, ಮಲಗಿ ಅಂತ...

ಹಿರಿಯ ಡಾಕ್ಟರಿಗೆ ಎಲ್ಲ ಹೇಳಿಕೊಂಡೆ. ಅವರು ಬೈಯಲಿಲ್ಲ, ಅವರಿಗೂ ದಣಿವು. ಹಾಕಿದ್ದನ್ನು ಇಲ್ಲಿ ತೆಗೆಯಲು ನಮ್ಮ ಕೈಯಲ್ಲಿ ಯಾವ ಕಾಗದವೂ ಇಲ್ಲ, ಮನೆಯವರು ತಾವಾಗಿ ಕರೆದೊಯ್ಯುತ್ತೇವೆ ಎಂದು ಬರೆದುಕೊಟ್ಟರೆ ಬೇರೆ ಮಾತು ಅಂದರು. ನಾನು ಮುಕಾದಮರ ಹೆಂಡತಿಯನ್ನು ಕೂರಿಸಿ ಬಿಡಿಸಿ ಹೇಳಿದೆ: ಅವರು ಉಳಿಯುವುದಿಲ್ಲ, ಮನೆಯಲ್ಲಿ ನಳಿಗೆ ತೆಗೆದರೆ ಬೇಗ ಹೋಗುತ್ತಾರೆ, ನಾನು ಜೊತೆಗೆ ಬರುತ್ತೇನೆ. ಆಕೆ ಹೆಬ್ಬೆಟ್ಟು ಒತ್ತಿದರು.

ಆಂಬುಲೆನ್ಸಿನಲ್ಲಿ ಗುಡ್ಡ ಹತ್ತುವಷ್ಟು ಹೊತ್ತೂ ಉಸಿರು ತುಂಬುವ ಚೀಲವನ್ನು ನಾನೇ ಒತ್ತುತ್ತ ಕೂತಿದ್ದೆ. ಸಡಾದಲ್ಲಿ ರಸ್ತೆ ಮುಗಿದು ಮೆಟ್ಟಿಲು ಶುರುವಾಗುವಲ್ಲಿ ಅವರ ಗುಂಪಿನ ಹಮಾಲರು ಕಾದಿದ್ದರು. ಸ್ಟ್ರೆಚರ್ ಬೇಡ ಎಂದರು. ನಾಲ್ವರು ಕೈಗೆ ಕೈ ಹೆಣೆದು ಅದರ ಮೇಲೆ ಅವರನ್ನು ಕೂರಿಸಿಕೊಂಡರು. ಅಷ್ಟು ಕಿರಿದಾದ ಮೆಟ್ಟಿಲಿನಲ್ಲಿ ಒಂದು ಸಲವೂ ಅಲುಗಿಸದೆ ಹತ್ತಿದರು, ಪಕ್ಕದಲ್ಲಿ ಚೀಲ ಒತ್ತುತ್ತ ಎಡವಿದವಳು ನಾನು ಮಾತ್ರ.

ಒಂದೇ ಕೋಣೆಯ ಮನೆ. ಗೋಡೆಗೆ ಆನಿಸಿ ಕೂರಿಸಿದರು, ಹಣೆಗೆ, ಎದೆಗೆ ವಿಭೂತಿ ಹಚ್ಚಿದರು. ನಾನು ನಳಿಗೆ ತೆಗೆದೆ. ಹೆಂಡತಿ ಬಾಟಲಿಯ ಮುಚ್ಚಳಕ್ಕೆ ನೀರು ಬಗ್ಗಿಸಿ ಬಾಯಿಗೆ ಬಿಟ್ಟರು. ಅದು ತುಟಿಯ ಅಂಚಿನಿಂದ ಇಳಿದು ವಿಭೂತಿಯನ್ನು ಒದ್ದೆ ಮಾಡಿತು. ಗಂಟಲು ಅಲುಗಲಿಲ್ಲ, ನಾನು ನೋಡುತ್ತಲೇ ಇದ್ದೆ.

"ಒಳಗ ಹೋತೇನ್ರಿ?"

"ಹೋಯ್ತಮ್ಮ" ಅಂದೆ.

ಇಪ್ಪತ್ತು ನಿಮಿಷ ಉಸಿರಾಡಿರಬಹುದು. ಆಮೇಲೆ ಹಮಾಲರು ಅವರನ್ನು ನೆಟ್ಟಗೆ ಕೂರಿಸಿ ಕಾಲು ಮಡಿಸಿದರು. ಮೊಣಕಾಲು ಸರಾಗವಾಗಿ ಮಡಚಿಕೊಂಡವು. ಎಲ್ಲರೂ ಅದನ್ನೇ ಕಾಯುತ್ತಿದ್ದರೇನೋ, ಒಟ್ಟಿಗೆ ಅಳಲು ಶುರು ಮಾಡಿದರು.

ನಾನು ಹೊರಟಾಗ ಅವರ ಹೆಂಡತಿ ಬಾಗಿಲ ತನಕ ಬಂದರು. ಮುಖದಲ್ಲಿ ದೂರು ಇರಲಿಲ್ಲ, ಮನೆಯವರಿಗೆ ಹೇಳಿದ ಹಾಗೆ ಹೇಳಿದರು. "ಸೋಮವಾರ ನಾ ಕೆಲಸಕ್ಕ ಹೋಗೂದಿಲ್ಲ, ಇಲ್ಲೇ ಇರ್ತೇನಿ ಅಂದಿದ್ದೆ ರೀ. ಅವರೇ ಬೈದು ಕಳಿಸಿದ್ರು. ಡಾಕ್ಟರವ್ವ ಇನ್ನಾ ಹೇಳಿಲ್ಲ, ಇನ್ನಾ ದಿನ ಅದಾವ, ಹೋಗು ಅಂದ್ರು."

ಅದಾದ ಮೇಲೆ ನಾನು ಗೋವಾದಲ್ಲಿ ಹೆಚ್ಚು ದಿನ ಇರಲಿಲ್ಲ. ಆಕೆ ಸಡಾದಲ್ಲೇ ಉಳಿದರೋ, ಊರಿಗೆ ಹೋದರೋ ತಿಳಿಯದು. ಈಗ ನಾನಿರುವ ಆಸ್ಪತ್ರೆಯಲ್ಲಿ ಕೊನೆಯ ಮಾತು ಆಡಬೇಕಾದಾಗಲೆಲ್ಲ ನನ್ನನ್ನು ಕರೆಯುತ್ತಾರೆ. ಕಾನೂನು ಸ್ವಲ್ಪ ಬದಲಾಗಿದೆ, ಬರೆದಿಡಲು ಕಾಗದ ಬಂದಿದೆ. ನಾನು ಸುತ್ತಿ ಬಳಸದೆ ಹೇಳುತ್ತೇನೆ. ರೋಗಿಗಳು ಮುಖ ತಿರುಗಿಸುತ್ತಾರೆ, ಮಕ್ಕಳು ವರಾಂಡಕ್ಕೆ ಎಳೆದುಕೊಂಡು ಹೋಗಿ ಅಪ್ಪನ ಮುಂದೆ ಯಾಕೆ ಹೇಳಿದಿರಿ ಎಂದು ಜಗಳವಾಡುತ್ತಾರೆ. ಬೇಜಾರಿಲ್ಲ, ಅಭ್ಯಾಸವಾಗಿದೆ. ಇಷ್ಟು ವರ್ಷಗಳಲ್ಲಿ ಎಷ್ಟೋ ಜನರಿಗೆ ಹೇಳಿದ್ದೇನೆ, ಕೇಳಲು ಇಷ್ಟವಿಲ್ಲದವರಿಗೂ ಹೇಳಿದ್ದೇನೆ. ಹೊತ್ತು ಬಂದಾಗ ಹೇಳಿ ಎಂದು ತಾವಾಗಿ ಕೇಳಿದವರು ಮುಕಾದಮರೊಬ್ಬರೇ.