ಐಸಿನ ತೊಟ್ಟಿಯಲ್ಲಿ ತೇಲಿದ ತೆನೆ

ಒಲೆ ಹಚ್ಚುವ ಮುಂಚೆ ಫ್ರಿಜ್ಜಿನಿಂದ ನೀರು ತುಂಬಿದ ಒಂದು ಬಿಯರ್ ಸೀಸೆ ತೆಗೆದು, ಅದರ ಲೇಬಲ್ಲಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ನೂರರವರೆಗೆ ಎಣಿಸುವುದು ಅವಳ ವಾಡಿಕೆ. ಜ್ವರ ಬಂದ ದಿನವೂ ತಪ್ಪಿಸಿದವಳಲ್ಲ. ಅಂಚು ಏಳದಿದ್ದರೆ, ದೇವರು ದೊಡ್ಡವನು ಎಂದುಕೊಂಡು ಸೀಸೆಯನ್ನು ಒಳಗಿಟ್ಟು ಹಾಲು ಕಾಯಿಸುತ್ತಿದ್ದಳು.

ಬೀದಿಯವರಿಗೆ ಅವಳು ಲೇಬಲಕ್ಕ. ಇಪ್ಪತ್ತು ವರ್ಷ ಸೋಪಿಗೆ, ಬೆಂಕಿಪೊಟ್ಟಣಕ್ಕೆ, ಕೆಮ್ಮಿನ ಔಷಧಿಗೆ ಚಿತ್ರ ಬರೆದ ಕೈ. ಆ ಕೆಲಸಗಳೆಲ್ಲ ಒಂದೊಂದಾಗಿ ಜಾರಿಹೋಗಿ, ಉಳಿದದ್ದು ಊರಂಚಿನ ಶೆಡ್ಡಿನಲ್ಲಿ ಕೈಯಾರೆ ಬಿಯರ್ ಮಾಡುವ ಗಡ್ಡದವನೊಬ್ಬನೇ. ಅವನೂ ಕೈಬಿಟ್ಟರೆ ಕೆಲಸವೂ ವಾಸವೂ ಆದ ಬಾಡಿಗೆ ಕೋಣೆ ಖಾಲಿ ಮಾಡಿ ಓರಗಿತ್ತಿಯ ಮನೆ ಸೇರಬೇಕು. ಅಲ್ಲಿ ಅನ್ನಕ್ಕಿಂತ ಮೊದಲು ಮೂದಲಿಕೆ ಬಡಿಸುತ್ತಾರೆ.

ಗಂಡ ಕುಡಿತ ಬಿಟ್ಟು ಆರು ವರ್ಷ. ಅವನು ಬಿಟ್ಟ ದಿನವೇ ಅವಳೂ ದೇವರಿಗೆ ಮಾತು ಕೊಟ್ಟಿದ್ದಳು: ಕುಡಿತದ ಅಂಗಡಿಯ ಹೊಸಿಲು ತುಳಿಯುವುದಿಲ್ಲ.

"ನಾನು ಸೀಸೆ ಬಿಟ್ಟೆ, ನೀನು ಅದಕ್ಕೆ ಅಂಗಿ ಹೊಲೀತಿದ್ದೀಯ" ಎಂದು ಅವನು ನಗುತ್ತಿದ್ದ.

ಈ ಸಲ ಒರಟು ಕಾಗದ ಆರಿಸಿದ್ದಳು. ಬಾರ್ಲಿ ತೆನೆಯ ಗೆರೆಗಳು ಬೆರಳಿಗೆ ಸಿಗುವಂತಿದ್ದವು. ಮೇಲೊಂದು ಮೇಣದ ಲೇಪ ಕೊಡೋಣವೇ ಎಂದು ಲೇಬಲ್ಲು ಅಚ್ಚು ಹಾಕುವ ಪ್ರೆಸ್ಸಿನ ಮಾಮ ಕೇಳಿದ್ದ.

"ಬೇಡ ಮಾಮ, ಹೊಳಪು ಬಂದ್ರೆ ಕೆಮ್ಮಿನ ಔಷಧಿ ಥರ ಕಾಣುತ್ತೆ."

ಹದಿನೆಂಟು ದಿನ ಫ್ರಿಜ್ಜಿನಲ್ಲಿ ಲೇಬಲ್ಲು ಮಿಸುಕಲಿಲ್ಲ.

ಶನಿವಾರ ಮಧ್ಯಾಹ್ನ ಗಡ್ಡದವನು ಅವಳನ್ನು ಒಂದು ಬಿಯರ್ ಅಂಗಡಿಗೆ ಕರೆಸಿದ. ಅವಳು ಬೀದಿಯಲ್ಲೇ ನಿಂತಳು. ಅವನು ಸೀಸೆ ತಣ್ಣಗಿಡುವ ತೊಟ್ಟಿಯನ್ನು ಬಾಗಿಲಿಗೆ ಎಳೆದು ತಂದ. ಐಸಿನ ನೀರಿನಲ್ಲಿ ಸೀಸೆಗಳು ಬೆತ್ತಲೆ ಬಿದ್ದಿದ್ದವು; ಅವಳ ತೆನೆಗಳು ಮೆತ್ತಗಾಗಿ ಮೇಲೆ ತೇಲುತ್ತಿದ್ದವು.

"ಐಸಲ್ಲಿ ಮುಳುಗಿಸಿ ನೋಡ್ಲಿಲ್ವಾ ಅಕ್ಕ?"

"ಹೀಗೆ ಮುಳುಗಿಸಿಡ್ತಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

ಅವನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ಸೋಮವಾರ ಯಾರ ತಪ್ಪು ಅಂತ ಬರೆದು ಕೊಡಿ. ಪ್ರೆಸ್ಸಿಂದಾದ್ರೆ ಪ್ರೆಸ್ ಬದಲಿಸ್ತೀನಿ. ನಿಮ್ದಾದ್ರೆ..."

ಭಾನುವಾರವಿಡೀ ಉಳಿದ ಲೇಬಲ್ಲುಗಳ ಜೊತೆ ಗುದ್ದಾಡಿದಳು. ಮೇಣದಬತ್ತಿ ಉಜ್ಜಿದಳು, ಇಸ್ತ್ರಿ ಹಾಕಿದಳು, ವಾರ್ನಿಷ್ ಬಳಿದಳು. ಬಕೆಟ್ಟಿನ ಐಸಿನಲ್ಲಿ ಒರಟು ಕಾಗದ ನೀರು ಹೀರಿ ಎಲ್ಲವೂ ನಲವತ್ತು ಎಣಿಸುವುದರೊಳಗೆ ಕಳಚಿದವು. ಕೈಮುಗಿದು ಕೂತರೆ ಏನು ಕೇಳಿಕೊಳ್ಳಬೇಕೆಂದೇ ತೋಚಲಿಲ್ಲ. ಗಂಡ ಬಕೆಟ್ ಚೆಲ್ಲಿ ಬಂದ.

ಸೋಮವಾರ ಪ್ರೆಸ್ಸಿನ ಮಾಮ ಅವಳಿಗೆ ಸ್ಟೂಲು ಎಳೆದು ಕೊಟ್ಟ.

"ಅಂಟು ಕೆಟ್ಟಿತ್ತು ಅಂತ ನಾನು ಬರೆದುಕೊಡ್ತೀನಿ ಮಗಳೇ. ನಂಗೆ ಬೇರೆ ಗಿರಾಕಿಗಳಿದ್ದಾರೆ. ನಿಂಗೆ ಯಾರಿದ್ದಾರೆ ಹೇಳು?"

ಅವಳ ಎದೆಯ ಮೇಲಿನ ಚಪ್ಪಡಿ ಒಂದು ಗಳಿಗೆ ಸರಿದಂತಾಯಿತು. ಹೂಂ ಎಂದರೆ ಸಾಕು, ಕೋಣೆ ಉಳಿಯುತ್ತದೆ.

ಮೂಲೆಯಲ್ಲಿ ಅಂಟು ಕದಡುವ ಹೆಂಗಸು ಬೆನ್ನು ಮಾಡಿ ನಿಂತಿದ್ದಳು. ಹನ್ನೊಂದು ವರ್ಷದಿಂದ ಅಂಟೆಲ್ಲ ಅವಳ ಕೈಯದೇ. ಅವಳ ಕೋಲು ಡಬ್ಬದೊಳಗೆ ನಿಂತುಬಿಟ್ಟಿತ್ತು.

ಲೇಬಲಕ್ಕ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ಬೇಡ ಮಾಮ. ಅಂಟು ಚೆನ್ನಾಗೇ ಇತ್ತು, ಮೇಣದ ಲೇಪ ಬೇಡ ಅಂದಿದ್ದು ನಾನು. ಒಂದು ಕಾಗದ ಕೊಡಿ, ನಾನೇ ಬರೀತೀನಿ."