ಮಾತ್ರೆ ಬತ್ತಿಸುವುದು

ವಾದದಲ್ಲಿ ಸೋತವನಿಗೆ ಇಷ್ಟೊಂದು ಖುಷಿಯಾಗಬಾರದು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಸೋತದ್ದು ಕಡಿಮೆ. ಸೋತಾಗಲೆಲ್ಲ ತೀರ್ಪುಗಾರರ ಕಿವಿಯ ಮೇಲೆ ಅನುಮಾನಪಡುತ್ತ, ಬಂಗಾರಪೇಟೆಯಿಂದ ಊರಿನವರೆಗೂ ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಕೂತು ಬಂದವನು ನಾನು. ಈಗ ಮಾತ್ರ, ಮೂರನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟ ಅರವತ್ತಮೂರು ವರ್ಷದ ಹೆಂಗಸೊಬ್ಬಳ ಕೈಯಲ್ಲಿ ಸಾಲಾಗಿ ಸೋತು, ಅದನ್ನು ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದೀತು ಎನ್ನುವ ಸ್ಥಿತಿಗೆ ಬಂದಿದ್ದೇನೆ. ಸಿಕ್ಕಿದ್ದೀರಿ, ಕೇಳಿ.

ಆಕೆ ನನ್ನ ದೊಡ್ಡಮ್ಮ. ಕ್ಯಾಸಂಬಳ್ಳಿಯ ಪಕ್ಕದ ಹಳ್ಳಿ ನಮ್ಮದು. ಒಂದೇ ಮನೆಯಲ್ಲಿ ಅಪ್ಪ, ಅಮ್ಮ, ದೊಡ್ಡಪ್ಪ, ದೊಡ್ಡಮ್ಮ, ನಾನು, ಮತ್ತು ಚುಕ್ಕಿ ಎಂಬ ಸೀಮೆಹಸು. ಕೊನೆಗೆ ಹೇಳಿದೆನೆಂದು ಚುಕ್ಕಿಯ ಸ್ಥಾನ ಕೊನೆಯದು ಅಂದುಕೊಳ್ಳಬೇಡಿ. ಅವಳು ದೊಡ್ಡಮ್ಮನ ಕೈಗಲ್ಲದೆ ಇನ್ನೊಬ್ಬರಿಗೆ ಹಾಲು ಬಿಡುವವಳಲ್ಲ. ದೊಡ್ಡಪ್ಪ ಕೆಚ್ಚಲಿಗೆ ಕೈ ಹಾಕಿದರೆ ಒದೆಯುತ್ತಾಳೆ. ನನ್ನನ್ನು ಒದೆಯಲು ಸಹ ಯೋಗ್ಯನೆಂದು ತಿಳಿಯದೆ, ಗಂಜಲದಲ್ಲಿ ನೆಂದ ಬಾಲದಿಂದ ಕೆನ್ನೆಗೆ ಒಂದು ಬಾರಿಸಿ ಮೇವಿಗೆ ತಿರುಗುತ್ತಾಳೆ.

ಕಳೆದ ಕಾರ್ತಿಕದ ಒಂದು ಬೆಳಗ್ಗೆ ದೊಡ್ಡಮ್ಮನ ತೋಳುಗಳು ಮೇಲೇಳಲಿಲ್ಲ. ಒಂದಲ್ಲ, ಎರಡೂ. ಕತ್ತು, ಭುಜ, ತೊಡೆಗಳೆಲ್ಲ ಸಿಮೆಂಟು ಹಾಕಿದಂತೆ ಬಿಗಿದುಕೊಂಡಿದ್ದವು. ಮಂಚದಲ್ಲಿ ಮಗ್ಗುಲು ಬದಲಿಸಲು ಇಬ್ಬರ ಸಹಾಯ ಬೇಕಾಯಿತು. ವಿಚಿತ್ರವೆಂದರೆ ಮಧ್ಯಾಹ್ನದ ಹೊತ್ತಿಗೆ ಬಿಗಿ ಸಡಿಲಿ ಆಕೆ ಸುಮಾರಾಗಿ ಓಡಾಡುತ್ತಿದ್ದಳು. ಮರುದಿನ ಬೆಳಗ್ಗೆ ಮತ್ತೆ ಅದೇ ಕತೆ. ದೊಡ್ಡಪ್ಪ ಮೊದಲ ವಾರ ತಮಾಷೆ ಮಾಡಿದರು: "ಬೆಳಿಗ್ಗೆ ಮಾತ್ರ ಬರೋ ನೋವು ನಂಗೂ ಐತೆ. ಅದ್ಕೆ ಸೋಮಾರಿತನ ಅಂತಾರೆ." ಎರಡನೇ ವಾರ ಆಕೆಗೆ ಕುಪ್ಪಸದ ತೋಳು ಏರಿಸಿಕೊಳ್ಳಲೂ ಆಗದ್ದನ್ನು ನೋಡಿ ಬಾಯಿ ಮುಚ್ಚಿಕೊಂಡರು.

"ಏನಾಗಿದೆ ದೊಡ್ಡಮ್ಮ?" ಎಂದರೆ ಒಂದೇ ಉತ್ತರ: "ಇಡ್ಕಂಡೈತೆ ಕಣ್ಲಾ." ನಾನು ವ್ಯಾಕರಣಕ್ಕೆ ಇಳಿದೆ. ಹಿಡಿದುಕೊಂಡಿದೆ, ಸರಿ; ಕರ್ತೃ ಯಾರು? ಕ್ರಿಯೆ ಇದ್ದು ಕರ್ತೃ ಇಲ್ಲದ ವಾಕ್ಯವನ್ನು ಚರ್ಚೆಯಲ್ಲಿ ಯಾರೂ ಒಪ್ಪುವುದಿಲ್ಲ ಎಂದು ವಿವರಿಸಿದೆ. ದೊಡ್ಡಮ್ಮ ಕತ್ತು ತಿರುಗಿಸಲಾಗದೆ ಕಣ್ಣಷ್ಟನ್ನೇ ನನ್ನ ಕಡೆ ಹೊರಳಿಸಿ ಹೇಳಿದಳು: "ಇಡ್ಕಂಡಿರೋದು ಯಾರು ಅಂತ ಗೊತ್ತಿದ್ರೆ ನಾನೇ ಬುಡುಸ್ಕಂತಿರ್ಲಿಲ್ವೇನ್ಲಾ?"

ಮೊದಲ ಸೋಲು ಅದು.

ತಲೆ ಬಾಚುವ ಕೆಲಸ ನನ್ನ ಪಾಲಿಗೆ ಬಂತು. ಅಮ್ಮ ಅಷ್ಟು ಹೊತ್ತಿಗೆ ಒಲೆಯ ಮುಂದೆ, ಅಪ್ಪ ಮೇವು ತರಲು ಹೊಲದಲ್ಲಿ. ತುರುಬು ಕಟ್ಟುವುದು ತರ್ಕಶಾಸ್ತ್ರಕ್ಕಿಂತ ಕಠಿಣ ವಿದ್ಯೆ. ನಾನು ಕಟ್ಟಿದ ತುರುಬು ಕಾಫಿ ಕುಡಿಯುವುದರೊಳಗೆ ಬಿಚ್ಚಿಕೊಳ್ಳುತ್ತಿತ್ತು. ಎಣ್ಣೆ ಹಚ್ಚಿ ತಿಕ್ಕಿದ್ದಾಯಿತು, ಉಪ್ಪಿನ ಶಾಖ ಕೊಟ್ಟಿದ್ದಾಯಿತು. ಕಾಮಸಮುದ್ರದ ಆಚೆ ಆಂಧ್ರದ ಗಡಿಯಲ್ಲಿ ಒಬ್ಬ ಪುಡಿ ಕೊಡುತ್ತಾನೆ, ಮೂರೇ ದಿನದಲ್ಲಿ ವಾಸಿ ಎಂಬ ಸುದ್ದಿಯೂ ಬಂತು. ಅದಕ್ಕೆ ನಾನು ಅಡ್ಡ ಮಲಗಿದೆ. ಊರಿಗಾಂನ ಹಳೆಯ ಸಭಾಂಗಣವೊಂದರಲ್ಲಿ ಮೂಢನಂಬಿಕೆಯ ವಿರುದ್ಧ ಮಾತಾಡಿ ಬಹುಮಾನದ ಕಪ್ಪು ಗೆದ್ದವನು ನಾನು. 'ಮೂರು ದಿನದಲ್ಲಿ ವಾಸಿ ಎನ್ನುವವನು ಮೋಸಗಾರ' ಎಂಬುದು ಅಂದಿನ ನನ್ನ ಮುಖ್ಯ ಸೂತ್ರ, ಚಪ್ಪಾಳೆ ಬಿದ್ದ ವಾಕ್ಯ. ಇದನ್ನು ನೆನಪಿಟ್ಟುಕೊಳ್ಳಿ ಎಂದು ನಾನಂತೂ ಹೇಳುವುದಿಲ್ಲ. ಮರೆತರೆ ನನಗೇ ಒಳ್ಳೆಯದು.

ಅಷ್ಟರಲ್ಲಿ ಮನೆಯಲ್ಲಿ ತೀರ್ಮಾನವಾಯಿತು: ಸಂಕ್ರಾಂತಿ ಕಳೆದ ಮೇಲೆ ಚುಕ್ಕಿಯನ್ನು ಮಾರುವುದು. ದಿನವೂ ಪೂರ್ತಿ ಕರೆಯದೆ ಬಿಟ್ಟರೆ ಕೆಚ್ಚಲು ಬಾವು ಬರುತ್ತದೆ. ದೊಡ್ಡಪ್ಪನ ಮೊಣಕಾಲಿಗೆ ಅದಾಗಲೇ ಬಂದಿತ್ತು. ಗೋಡೆ ಕಡೆ ತಿರುಗಿ ಅಳುವುದಕ್ಕೂ ದೊಡ್ಡಮ್ಮನಿಗೆ ಆಗುತ್ತಿರಲಿಲ್ಲ. ಅಂಗಾತ ಮಲಗಿ ತೊಲೆಯನ್ನೇ ನೋಡುತ್ತಿದ್ದಳು, ನೀರು ಎರಡೂ ಕಡೆ ಇಳಿದು ಕಿವಿಗೆ ಸೇರುತ್ತಿತ್ತು.

ಆಗ ನಾನು ವಾದ ನಿಲ್ಲಿಸಿ ಬಂಗಾರಪೇಟೆಗೆ ವಾರಕ್ಕೊಮ್ಮೆ ಬರುವ ಕೀಲು-ಸ್ನಾಯುಗಳ ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆಯಾಯಿತು. ನಳಿಕೆಯಲ್ಲಿ ನಿಲ್ಲಿಸಿದ ರಕ್ತದ ಕೆಂಪು ಕಣಗಳು ಒಂದು ಗಂಟೆಯಲ್ಲಿ ಎಷ್ಟು ಕೆಳಗಿಳಿಯುತ್ತವೆ ಎಂದು ಅಳೆಯುತ್ತಾರಂತೆ. ಬೇಗ ಇಳಿದರೆ ಒಳಗೆಲ್ಲೋ ಉರಿಯೂತ ಇದೆ ಎಂದು ಅರ್ಥ. ದೊಡ್ಡಮ್ಮನದು ಇಳಿಯಬೇಕಾದದ್ದಕ್ಕಿಂತ ಎಷ್ಟೋ ಆಳಕ್ಕೆ ಇಳಿದಿತ್ತು. "ನಮ್ಮಪ್ಪನೂ ಅಂಗೇ ಇಳೀತಿದ್ದ, ಚಿನ್ನದ ಗಣಿಗೆ. ರಕ್ತ ಎಲ್ ಓಗ್ತೈತೆ" ಎಂದಳು ದೊಡ್ಡಮ್ಮ.

ಡಾಕ್ಟರಮ್ಮ ಕಾಯಿಲೆಯ ಹೆಸರು ಹೇಳಿದರು: ಪಾಲಿಮಯಾಲ್ಜಿಯಾ ರುಮ್ಯಾಟಿಕಾ. ಐವತ್ತು ದಾಟಿದವರಿಗೆ ಬರುವುದು, ಯಾಕೆ ಬರುತ್ತದೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ, ಆದರೆ ಔಷಧ ಇದೆ. ನಾನು ಲ್ಯಾಟಿನ್ ಪದದ ಬಾಲ ಹಿಡಿದು ಒದ್ದಾಡುತ್ತಿದ್ದರೆ ದೊಡ್ಡಮ್ಮ ತಲೆಯನ್ನೇ ಹಿಡಿದಿದ್ದಳು. ನಮ್ಮ ಕಡೆ ತೆಲುಗಿನವರಿಗೆ ಪಾಲು ಅಂದರೆ ಹಾಲು, ತಮಿಳಿನವರಿಗೂ ಪಾಲ್ ಅಂದರೆ ಹಾಲೇ. "ಪಾಲು ಅಂತಾನೇ ಸುರುವಾಗ್ತದಲ್ಲ! ಆಲು ಕರಿಯೋರ ಕಾಯ್ಲೆ ಅನ್ನಿ." ಡಾಕ್ಟರಮ್ಮ ನನ್ನ ಮುಖ ನೋಡಿದರು, ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಆಮೇಲೆ ಒಂದು ಮುಖ್ಯ ಪ್ರಶ್ನೆ. ಈ ಕಾಯಿಲೆಯವರಲ್ಲಿ ಕೆಲವರಿಗೆ ತಲೆಯ ರಕ್ತನಾಳಗಳೂ ಊದಿಕೊಂಡು ಕಣ್ಣಿಗೆ ಅಪಾಯವಾಗುವುದುಂಟಂತೆ, ಅದಕ್ಕೆ ಕೇಳಿದರು: "ಊಟ ಅಗಿಯುವಾಗ ದವಡೆ ನೋಯುತ್ತಾ ಅಮ್ಮಾ?"

"ಮುದ್ದೇನ ಯಾರವ್ವಾ ಅಗೀತಾರೆ? ನುಂಗೋದು!"

ವೈದ್ಯಶಾಸ್ತ್ರದ ಪುಸ್ತಕ ಬರೆದವನು ರಾಗಿಮುದ್ದೆ ಉಂಡಿರಲಿಲ್ಲ ಎಂಬುದು ಆ ಕ್ಷಣ ಸಾಬೀತಾಯಿತು. ಡಾಕ್ಟರಮ್ಮ ಬಿದ್ದು ಬಿದ್ದು ನಕ್ಕು, "ಎಲೆ-ಅಡಿಕೆ?" ಎಂದು ಪ್ರಶ್ನೆ ತಿದ್ದಿದರು. ಅದನ್ನು ಆಕೆ ದಿನಕ್ಕೆ ಆರು ಸಲ ಅಗಿಯುತ್ತಾಳೆ, ದವಡೆಗೆ ಏನೂ ಇಲ್ಲ. ನೆತ್ತಿ ಮುಟ್ಟಿದರೆ ನೋವೇ ಎಂಬುದಕ್ಕೆ ತುರುಬಿನ ಅಧಿಕಾರದಿಂದ ನಾನೇ ಸಾಕ್ಷಿ ಹೇಳಿದೆ: ಇಲ್ಲ. ತಲೆನೋವು ಬಂದರೆ, ಕಣ್ಣು ಮಂಜಾದರೆ ಒಂದು ದಿನವೂ ಕಾಯದೆ ಓಡಿ ಬರಬೇಕು ಎಂದು ಎಚ್ಚರಿಸಿ, ಬೆಳಗ್ಗೆ ಏನಾದರೂ ತಿಂದ ಮೇಲೆ ಹದಿನೈದು ಮಿಲಿಗ್ರಾಂ ಸ್ಟೀರಾಯ್ಡ್ ಮಾತ್ರೆ ಬರೆದರು. ಜೊತೆಗೆ ಮೂಳೆಗೆ ಸುಣ್ಣದ ಮಾತ್ರೆ, ಆಗಾಗ ಸಕ್ಕರೆಯ ಪರೀಕ್ಷೆ.

ಮೂರನೇ ಬೆಳಗ್ಗೆ ನನ್ನನ್ನು ಎಬ್ಬಿಸಿದ್ದು ಕೊಟ್ಟಿಗೆಯ ಸದ್ದು. ಖಾಲಿ ಸ್ಟೀಲ್ ಕ್ಯಾನಿನ ತಳಕ್ಕೆ ಹಾಲಿನ ಮೊದಲ ಧಾರೆ ಬಿದ್ದಾಗ ಬರುವ ಚರ್ ಚರ್! ಓಡಿದೆ. ದೊಡ್ಡಮ್ಮ ಕುಕ್ಕರಗಾಲಲ್ಲಿ ಕೂತು, ಹಣೆಯನ್ನು ಚುಕ್ಕಿಯ ಹೊಟ್ಟೆಗೆ ಆನಿಸಿ, ಎರಡೂ ಕೈಯಲ್ಲಿ ಕರೆಯುತ್ತಿದ್ದಳು. ದೊಡ್ಡಪ್ಪ ಕೊಟ್ಟಿಗೆಯ ಬಾಗಿಲಲ್ಲಿ ಟವೆಲ್ಲಿನಿಂದ ಮುಖ ಒರೆಸುತ್ತಿದ್ದರು. ಮುಖವನ್ನು ಅವರು ತೊಳೆದೇ ಇರಲಿಲ್ಲ. ನಾನು? ನಾನು ಕುಣಿದೆ. ಕುಣಿದು ಮುಗಿಸಿದ ಮೇಲೆ ಸೂತ್ರ ನೆನಪಾಯಿತು, ನೀವು ಮರೆತಿದ್ದರೂ. ಮೂರೇ ದಿನ! ತತ್ವ ಬಿಡಲಾಗದೆ ಉಪನ್ಯಾಸ ಶುರು ಮಾಡಿದೆ: ದೊಡ್ಡಮ್ಮ, ಒಂದು ಸಲಕ್ಕೆ ನಂಬಬಾರದು, ಇದಕ್ಕೆ ಕಾಕತಾಳೀಯ ಅನ್ನುತ್ತಾರೆ. ಕಾಗೆ ಬಂದು ಕೂತಿತು, ಅದೇ ಹೊತ್ತಿಗೆ ಕೊಂಬೆ ಮುರಿಯಿತು. ಹಾಗಂತ ಕಾಗೆಯೇ ಮುರಿಯಿತು ಎನ್ನಬಹುದೇ?

"ಸುಮ್ಕೆ ಅತ್ಲಾಗೋಗ್ಲಾ, ಅಸ ಬೆದರ್ತದೆ" ಎಂದಳು.

ಚುಕ್ಕಿಯನ್ನು ಮಾರುವ ಮಾತು ನಿಂತಿತು. ಎರಡು ತಿಂಗಳು ನಾವು ಗೆದ್ದೆವೆಂದೇ ಇದ್ದೆವು. ಅಷ್ಟರಲ್ಲಿ ದೊಡ್ಡಮ್ಮನ ಮುಖ ದುಂಡಗಾಗತೊಡಗಿತು, ಹಸಿವು ಹೆಚ್ಚಿತು, ನಿದ್ದೆ ಕಡಿಮೆಯಾಯಿತು. ಮಾತ್ರೆಯ ಗುಣ ಅದು ಎಂದೆ. "ಯಾವ್ ಮಾತ್ರೆ ಅದು?" ಎಂದಳು. ಸ್ಟೀರಾಯ್ಡ್ ಎಂದೆ. ಹಾಲು ಕರೆಯುತ್ತಿದ್ದ ದೊಡ್ಡಮ್ಮನ ಕೈ ನಿಂತಿತು. "ಇದನ್ನೇ ಅಲ್ವೇನ್ಲಾ ಆಗ ಕೆಂದಕ್ಕೆ ದನದ ಡಾಕ್ಟ್ರು ಚುಚ್ಚಿದ್ದು? ಊತ ಒಂದೇ ದಿನಕ್ಕೆ ಓಯ್ತು, ಆಲೂ ಅರ್ಧಕ್ಕರ್ಧ ಓಯ್ತು. ನನ್ ಮೈಯಾಗಿನ ಸಕ್ತೀನೂ ಅಂಗೇ ಓದ್ರೆ?" ಕೆಂದ ಎಂಬುದು ಚುಕ್ಕಿಗಿಂತ ಮುಂಚಿನ ಹಸು. ನಾನು ನಕ್ಕೆ. ಹಸುವಿನ ಸಾಕ್ಷ್ಯ ಮನುಷ್ಯರ ಕೇಸಿನಲ್ಲಿ ನಡೆಯುವುದಿಲ್ಲ ಎಂದೆ. ಆಕೆ ನಗಲಿಲ್ಲ. ಎದುರಾಳಿ ಸುಮ್ಮನಾದರೆ ಗೆದ್ದೆ ಅಂದುಕೊಳ್ಳುವುದು ಚರ್ಚೆ ಕಲಿತವರ ದೊಡ್ಡ ರೋಗ. ಅದಕ್ಕೆ ಇನ್ನೂ ಮಾತ್ರೆ ಬಂದಿಲ್ಲ.

ದೊಡ್ಡಮ್ಮ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದಳು. ದಿನಕ್ಕೊಂದರಂತೆ ಸಾಸಿವೆ ಡಬ್ಬಿಗೆ ಹಾಕುತ್ತಿದ್ದಳು. ಮೂರನೇ ದಿನ ತೋಳು ಮತ್ತೆ ಬಿಗಿಯಿತು, ಅದನ್ನೂ ಮುಚ್ಚಿಟ್ಟಳು. ಐದನೇ ದಿನ ಬೆಳಗ್ಗೆ ವಾಂತಿ. ಕೊಟ್ಟಿಗೆಯ ಹೊಸ್ತಿಲಲ್ಲೇ ಕುಸಿದಳು. ಕೈ ತಣ್ಣಗಿತ್ತು, ಕರೆದರೆ "ಊಂ" ಎನ್ನಲೂ ಶಕ್ತಿ ಇರಲಿಲ್ಲ. ಆಟೋದಲ್ಲಿ ಬಂಗಾರಪೇಟೆ ತಲುಪುವವರೆಗೂ ಆಕೆಯ ತಲೆ ನನ್ನ ತೊಡೆಯ ಮೇಲಿತ್ತು. ನನ್ನ ಬಾಯಲ್ಲಿ ಒಂದೇ ಒಂದು ವಾದವೂ ಇರಲಿಲ್ಲ.

ಇಂಜೆಕ್ಷನ್ನು, ಡ್ರಿಪ್ಪು ಆಗಿ ಸಂಜೆಗೆ ಕಣ್ಣರಳಿತು. ಸುದ್ದಿ ಕೇಳಿ ಬಂದ ಡಾಕ್ಟರಮ್ಮ ಬಯ್ಯುತ್ತಾರೆಂದು ನಾನು ಕಾದಿದ್ದೆ. ಅವರು ಸ್ಟೂಲು ಎಳೆದುಕೊಂಡು ಕೂತು ಕೆಂದ ಹಸುವಿನ ಕತೆಯನ್ನು ಪೂರ್ತಿ ಕೇಳಿದರು. "ನೀವು ನೋಡಿದ್ದು ಸರಿಯೇ ಅಮ್ಮಾ. ಈ ಮದ್ದಿಗೆ ಹಸುವಿನ ಹಾಲು ಕೆಲವು ದಿನ ಇಳಿಯುತ್ತೆ." ನಾನು ನಕ್ಕಿದ್ದ ಮಾತು ಅದು! "ಆದರೆ ನಿಮ್ಮ ಮೈಯಲ್ಲೂ ಇಂಥದೇ ಒಂದು ರಸ ಉತ್ಪತ್ತಿ ಆಗುತ್ತೆ. ಮಾತ್ರೆ ಹೊರಗಿಂದ ಬರ್ತಿದೆ ಅಂತ ಅದನ್ನ ಮಾಡೋ ಗ್ರಂಥಿ ನಿದ್ದೆ ಹೋಗಿರುತ್ತೆ. ಮಾತ್ರೆ ದಿಢೀರ್ ನಿಲ್ಲಿಸಿದ್ರೆ ಅದು ಎದ್ದೇಳೋಷ್ಟರಲ್ಲಿ ನೀವು ಮಲಗಿಬಿಡ್ತೀರಿ. ಸ್ವಲ್ಪ ಸ್ವಲ್ಪವೇ ಇಳಿಸಬೇಕು."

ದೊಡ್ಡಮ್ಮ ಹಾಸಿಗೆಯಲ್ಲೇ ಎದ್ದು ಕೂರಲು ನೋಡಿದಳು. "ಅಯ್ಯೋ, ಅಂದ್ರೆ ಬತ್ತಿಸೋದು ಅನ್ನವ್ವಾ! ತುಂಬಿದ ಅಸಾನ ಒಂದೇ ದಿನಕ್ಕೆ ಕರಿಯೋದು ಬುಡ್ತಾರಾ? ಕೆಚ್ಲು ಕೆಡ್ತದೆ. ಎರಡೊತ್ತಿನ್ದು ಒಂದೊತ್ತು ಮಾಡು, ಆಮ್ಯಾಕೆ ದಿನ ಬುಟ್ ದಿನ, ಇಂಡಿ ಬೂಸಾ ಕಮ್ಮಿ ಮಾಡು, ಆಗ ಬತ್ತೋದು. ಮಾತ್ರೇನೂ ಅಂಗೇ ಬತ್ತಿಸ್ಬೇಕು ಅಂತ ಈ ನನ್ಮಗ ಒಂದಿನಾನೂ ಏಳ್ಲಿಲ್ವಲ್ಲ! ಕಾಗೆ ಕತೆ ಏಳ್ದ."

ನಾನು ಹೇಳಿದ್ದೆ. 'ಕ್ರಮೇಣ ಪ್ರಮಾಣ ತಗ್ಗಿಸುವುದು' ಎಂದು ಹೇಳಿದ್ದೆ. ಅದು ಆಕೆಯ ಕಿವಿಯ ಪಕ್ಕದಲ್ಲಿ ಹಾದು ಹೋಗಿತ್ತು. ತೀರ್ಪುಗಾರರ ಕಿವಿಯ ದೋಷವಲ್ಲ, ಈ ಸಲ ಒಪ್ಪುತ್ತೇನೆ. ಮಾತ್ರೆ ಮತ್ತೆ ಶುರುವಾಗಿ ತೋಳು ಮತ್ತೆ ಎದ್ದ ದಿನ ಆಕೆ ಕಾಗೆಯ ಲೆಕ್ಕವನ್ನೂ ಚುಕ್ತಾ ಮಾಡಿದಳು: "ನುಂಗಿದ್ರೆ ಬುಡ್ತೈತೆ, ಬುಟ್ರೆ ಇಡೀತೈತೆ, ಮತ್ತೆ ನುಂಗಿದ್ರೆ ಬುಡ್ತೈತೆ. ಕೂತಾಗೆಲ್ಲಾ ಕೊಂಬೆ ಮುರುದ್ರೆ ಅದು ಕಾಗೆ ಅಲ್ಲ ಕಣ್ಲಾ, ಕೊಡ್ಲಿ." ಕಾರ್ಯಕಾರಣದ ಮೇಲೆ ನಾನು ಓದಿದ ಪುಟಗಳನ್ನೆಲ್ಲ ಹಿಂಡಿದರೂ ಇಷ್ಟು ಗಟ್ಟಿ ಹಾಲು ಬರುವುದಿಲ್ಲ.

ಹದಿನೈದು ಮಿಲಿಗ್ರಾಂ ಹನ್ನೆರಡೂವರೆಯಾಯಿತು, ಹತ್ತಾಯಿತು. ಮುಂದೆ ಏಳೂವರೆ ಎಂದರು ಡಾಕ್ಟರಮ್ಮ. ದೊಡ್ಡಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು. "ಏಳೂವರೆ ಬ್ಯಾಡ ಕಣವ್ವಾ. ಶನಿ ನಂಬ್ರ ಅದು. ಇಡ್ದ್ರೆ ಏಳೂವರೆ ವರ್ಸ ಬುಡಲ್ಲ." ಮೂಢನಂಬಿಕೆಯ ವಿರುದ್ಧ ಕಪ್ಪು ಗೆದ್ದ ನಾನು ನೆಲದಲ್ಲಿ ಬಿರುಕು ಹುಡುಕಿದೆ, ಇಳಿದು ಹೋಗಲು. ಡಾಕ್ಟರಮ್ಮ ಮಾತ್ರ ಪೆನ್ನು ತಿರುಗಿಸುತ್ತ ಹೇಳಿದರು: "ನಿಜ ಹೇಳಬೇಕಂದ್ರೆ ಹತ್ತರ ಕೆಳಗೆ ತಿಂಗಳಿಗೆ ಒಂದೊಂದೇ ಮಿಲಿಗ್ರಾಂ ಇಳಿಸೋದು ಒಳ್ಳೇದು. ಒಂದರ ಮಾತ್ರೆ ಇಲ್ಲಿ ಸಿಗಲ್ಲ, ಅದಕ್ಕೇ ಏಳೂವರೆ ಅಂದೆ. ಬೆಂಗಳೂರಿಂದ ತರಿಸ್ತೀರಾ?" ತರಿಸಿದೆ. ಶನಿಯ ಭಯದಿಂದ ವೈದ್ಯಶಾಸ್ತ್ರದ ಹೆಚ್ಚು ಸರಿಯಾದ ದಾರಿ ಸಿಕ್ಕಿತು! ಇದನ್ನು ಯಾವ ವೇದಿಕೆಯ ಮೇಲೂ ನಾನು ಒಪ್ಪುವುದಿಲ್ಲ. ನಿಮ್ಮ ಹತ್ತಿರ ಮಾತ್ರ.

ಒಂಬತ್ತು ದಾಟಿತು, ಎಂಟು ದಾಟಿತು. ಪ್ರತಿ ಸಲ ಇಳಿಸಿದಾಗಲೂ ಮೂರು-ನಾಲ್ಕು ಬೆಳಗ್ಗೆ ತೋಳು ಗೊಣಗುತ್ತದೆ. ಅದು ಮೈಯ ಮುನಿಸೋ ಕಾಯಿಲೆಯೇ ಮರಳಿದ್ದೋ ತಿಳಿಯಲು, ಬಿಗಿ ಎಷ್ಟು ನಿಮಿಷ ಇರುತ್ತದೆಂದು ಬರೆದಿಡಿ ಎಂದಿದ್ದಾರೆ. ಹಾಗಾಗಿ ನನ್ನ ಬಳಿ ಒಂದು ನೋಟ್‌ಬುಕ್ಕಿದೆ: ತಾರೀಕು, ಮಾತ್ರೆ, ನಿಮಿಷ. ಇಂದು ಹೊಸ ಪ್ರಮಾಣದ ಮೂರನೇ ಬೆಳಗ್ಗೆ. ನಿನ್ನೆ ಮೊನ್ನೆ ಎರಡೂ ದಿನ ಮುಕ್ಕಾಲು ಗಂಟೆ ಬಿಗಿ ಇತ್ತು. ಇಂದೂ ಹಾಗೇ ಆದರೆ ಮತ್ತೆ ಮೇಲೇರಿಸಬೇಕೇನೋ ಎಂಬ ಆತಂಕದಲ್ಲಿ, ತಲೆ ತಗ್ಗಿಸಿ ಗೆರೆ ಎಳೆಯುತ್ತ ಕೂತಿದ್ದೆ. ದೊಡ್ಡಮ್ಮನ ದನಿ ಬಂತು:

"ಎಷ್ಟ್ಲಾ ಇವತ್ತು ಮಾತ್ರೆ?"

"ಏಳು."

"ಏಳ್ಲಾ ಅಂದ್ರೆ!"

"ಅದೇ ದೊಡ್ಡಮ್ಮ, ಏಳು."

"ನಾನು ಎದ್ದೇ ನಿಂತಿವ್ನಲ್ಲೋ, ಕಣ್ ಕಾಣಲ್ವಾ ನಿಂಗೆ?"

ತಲೆಯೆತ್ತಿದೆ. ಕೈಯಲ್ಲಿ ಕ್ಯಾನು ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು. ಯಾವಾಗ ಎದ್ದಳು, ಎಷ್ಟು ನಿಮಿಷ ಹಿಡಿಯಿತು, ನನಗೆ ಗೊತ್ತೇ ಆಗಲಿಲ್ಲ. ಹಕಾರ ನುಂಗುವ ನಮ್ಮೂರ ಬಾಯಿಗೆ ಏಳೆಂಬ ಸಂಖ್ಯೆ, ಹೇಳು ಎನ್ನುವುದು, ಎದ್ದೇಳು ಎನ್ನುವುದು ಮೂರಕ್ಕೂ ಒಂದೇ ಮಾತು. ಆಕೆ ಕೊಟ್ಟಿಗೆಗೆ ಹೋದ ಮೇಲೆ ನಿಮಿಷದ ಜಾಗ ಖಾಲಿ ಬಿಟ್ಟು 'ಏಳು' ಎಂದಷ್ಟೇ ಅಕ್ಷರದಲ್ಲಿ ಬರೆದೆ. ಡಾಕ್ಟರಮ್ಮ ಅದನ್ನು ಹೇಗೆ ಬೇಕಾದರೂ ಓದಿಕೊಳ್ಳಲಿ.