ಇಂಚಿನ ಲೆಕ್ಕದ ಶರಬತ್ತು

ನಾನು ಸೊಸೆಯಾಗಿ ಬಂದ ಮನೆಯಲ್ಲಿ ಶರಬತ್ತಿಗೆ ಇಂಚಿನ ಲೆಕ್ಕ. ಮೊದಲ ಬೇಸಿಗೆಯಲ್ಲಿ ಅತ್ತೆ ಅಡುಗೆಮನೆಯ ಕಟ್ಟೆಯ ಹತ್ತಿರ ನಿಂತು, "ಇಪ್ಪತ್ತು ಸೆಂಟ್ಸ್ ನಿಂಬೆರಸ ಹಿಂಡು, ಅರ್ಧ ಇಂಚು ಬೆಲ್ಲದ ಪಾಕ ಹಾಕು, ಶುಂಠಿರಸ ಐದು ಸೆಂಟ್ಸ್ ದಾಟ್ಬಾರ್ದು ನೋಡು" ಎಂದಾಗ ಪೆದ್ದುಪೆದ್ದಾಗಿ ನಕ್ಕುಬಿಟ್ಟೆ. ನಾನು ಕಡೂರಿನ ಕಡೆಯವಳು. ನಮ್ಮಲ್ಲಿ ಇಂಚು ಎಂದರೆ ದರ್ಜಿಯ ಟೇಪಿನಲ್ಲಿ ಇರುವುದು. ಅಡುಗೆಮನೆಗೆ ಅದಕ್ಕೇನು ಕೆಲಸ?

ಕೆಲಸವಿತ್ತು. ಮೂಡಿಗೆರೆಯಿಂದ ಕಳಸದ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ ನಮ್ಮ ತೋಟ. ಕಾಫಿ ಬೆಳೆಯುವವರು ಮಳೆಯನ್ನು ಇಂಚು, ಸೆಂಟ್ಸಿನಲ್ಲಿ ಅಳೆಯುತ್ತಾರೆ. ನೂರು ಸೆಂಟ್ಸ್ ಸೇರಿದರೆ ಒಂದು ಇಂಚು. ಅಂಗಳದಲ್ಲಿ ಕಂಬದ ಮೇಲೆ ಒಂದು ಡಬ್ಬಿ ಇರುತ್ತದೆ. ಅದರಲ್ಲಿ ತುಂಬಿದ ಮಳೆನೀರನ್ನು ಗೆರೆ ಹಾಕಿದ ಉದ್ದನೆಯ ಗಾಜಿನ ಗ್ಲಾಸಿಗೆ ಸುರಿದು ಓದಬೇಕು. ಚಳಿಗಾಲ ಕಳೆದು ಮಾರ್ಚ್ ಬರುವವರೆಗೂ ಮಳೆಯಿಲ್ಲ, ಗ್ಲಾಸಿಗೆ ಕೆಲಸವಿಲ್ಲ. ಅಷ್ಟು ಚಂದದ ವಸ್ತು ತಿಂಗಳುಗಟ್ಟಲೆ ಸುಮ್ಮನೆ ಕೂತಿರುವುದನ್ನು ನೋಡಲಾಗದೆ ಅತ್ತೆ ಎಂದೋ ಅದನ್ನು ಅಡುಗೆಮನೆಯ ಕಿಟಕಿಗೆ ತಂದಿಟ್ಟುಕೊಂಡಿದ್ದರು. ಅಲ್ಲಿಂದ ಮುಂದೆ ಆ ಮನೆಯ ಬಾಯಾರಿಕೆಗೆಲ್ಲ ಅದೇ ಅಳತೆ.

ಅತ್ತೆಯ ಶರಬತ್ತುಗಳನ್ನು ನೆನೆದರೆ ಈಗಲೂ ನಾಲಿಗೆಯ ಬುಡ ಒದ್ದೆಯಾಗುತ್ತದೆ. ಒಣಗಿಸಿಟ್ಟ ಮುರುಗಲು ಸಿಪ್ಪೆಯನ್ನು ಬೆಳಗ್ಗೆ ನೆನೆಹಾಕಿದರೆ ಮಧ್ಯಾಹ್ನಕ್ಕೆ ಕಡುಗೆಂಪು ನೀರು. ಅದಕ್ಕೆ ಬೆಲ್ಲ, ಒಂದು ಚಿಟಿಕೆ ಉಪ್ಪು, ಆಗಷ್ಟೇ ಕುಟ್ಟಿದ ಕಾಳುಮೆಣಸು. ಗಜನಿಂಬೆಯ ರಸಕ್ಕೆ ಶುಂಠಿ, ಏಲಕ್ಕಿ, ಜೇನು. ಯಾರಾದರೂ ಮೂಡಿಗೆರೆಗೆ ಹೋದರೆ ಬಸ್ ಸ್ಟ್ಯಾಂಡಿನ ಹತ್ತಿರದ ಸಾಬರ ಅಂಗಡಿಯಿಂದ ಸೋಡಾ ಬರುತ್ತಿತ್ತು, ಆವತ್ತು ಮುರುಗಲಿನ ನೀರಿಗೂ ನಿಂಬೆರಸಕ್ಕೂ ಮದುವೆ. ಮೇಲೆ ನೆನೆದ ಕಾಮಕಸ್ತೂರಿ ಬೀಜ ತೇಲಿಬಿಟ್ಟು, "ಎಷ್ಟು ಇಂಚು ಹಾಕ್ಲಿ?" ಎಂದು ಕೇಳುತ್ತಿದ್ದರು. ಮಾವನವರು ಪ್ರತಿ ಸಲವೂ ಗಂಭೀರವಾಗಿ, "ಹೂವಾಗೋವಷ್ಟು" ಎನ್ನುತ್ತಿದ್ದರು.

ನಾನೂ ಸುಮ್ಮನಿರುವವಳಲ್ಲ. ನಮ್ಮ ಬಯಲುಸೀಮೆಯ ಬೇಲದ ಹಣ್ಣಿನ ಪಾನಕ ಮಾಡಿ ತೋರಿಸಿದೆ. ಅತ್ತೆ ಒಂದು ಗುಟುಕು ಕುಡಿದು, "ಇದೇನು ಮಾರಾಯ್ತಿ, ಕುಡಿಯೋದೋ ಅಗಿಯೋದೋ?" ಎಂದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಎರಡು ದಿನ ಅವರ ಹತ್ತಿರ ಬೇಕಾದಷ್ಟೇ ಮಾತಾಡಿದೆ. ಮೂರನೆಯ ದಿನ ಅವರೇ ಬೇಲದ ಹಣ್ಣು ತರಿಸಿ, ಸೋಸಿ, ಏಲಕ್ಕಿ ಹಾಕಿ, ನನಗಿಂತ ಚೆನ್ನಾಗಿ ಮಾಡಿಬಿಟ್ಟರು. ಅದಕ್ಕೂ ಕೋಪ ಬಂತು.

ಆ ವರ್ಷದ ಮಾರ್ಚಿನಲ್ಲಿ ಸೆಕೆಯೋ ಸೆಕೆ. ಮಾವನವರು ದಿನಕ್ಕೆ ಹತ್ತು ಸಲ ಅಂಗಳಕ್ಕೆ ಹೋಗಿ ಮೋಡ ನೋಡಿ ಬರುತ್ತಿದ್ದರು. ರೊಬಸ್ಟಾ ಕಾಫಿ ಗಿಡದ ಮೊಗ್ಗು ಹೂಮಳೆಗೆ ಕಾದು ನಿಂತಿರುತ್ತದೆ. ಒಂದು ಇಂಚು ಬಿದ್ದರೆ ಒಳ್ಳೆಯ ಹೂವು. ಕಡಿಮೆ ಬಿದ್ದರೆ ಎರಡು ಮೂರು ದಿನದೊಳಗೆ ಪಂಪು ಹೂಡಿ, ಸ್ಪ್ರಿಂಕ್ಲರಿನಲ್ಲಿ ನೀರು ಹಾರಿಸಿ, ಕೊರತೆ ತುಂಬಿಸಬೇಕು. ಇಲ್ಲದಿದ್ದರೆ ಮೊಗ್ಗು ಅರ್ಧಕ್ಕೇ ನಿಂತು ಕರಟಿಹೋಗುತ್ತದೆ. ಆ ವರ್ಷದ ಬೆಳೆಯ ಆಸೆ ಅಲ್ಲಿಗೆ ಬಿಟ್ಟಂತೆ.

ನಮ್ಮ ಇಳಿಜಾರಿನ ಸಣ್ಣ ಬೆಳೆಗಾರರಲ್ಲಿ ಹೆಚ್ಚಿನವರು ಮಳೆ ಅಳೆಯುವ ಗೋಜಿಗೆ ಹೋಗುತ್ತಿರಲಿಲ್ಲ. ಮಾವನವರ ಅಳತೆಯೇ ಎಲ್ಲರದ್ದೂ. ಮಳೆ ಬಂದ ಬೆಳಗ್ಗೆ ಅವರ ಲೆಕ್ಕ ವಾಟ್ಸಾಪ್ ಗುಂಪಿಗೆ ಬೀಳುವವರೆಗೆ ಯಾರೂ ಪಂಪು ಹತ್ತಿಸುವುದಿಲ್ಲ, ಇಳಿಸುವುದೂ ಇಲ್ಲ. ಅವರಿಗೆ ಟೈಪ್ ಮಾಡಲು ಬಾರದು. ನಾನು ಬಂದ ಮೇಲೆ ಆ ಕೆಲಸ ನನಗೆ ಬಂತು, ನನಗೆ ಅದು ದೊಡ್ಡ ಹೆಮ್ಮೆ.

ಒಂದು ಸಂಜೆ ಶರಬತ್ತು ಮಾಡಿ ಮುಗಿಸಿದಾಗ ಗ್ಲಾಸಿಗೆ ಪಾಕ ಅಂಟಿತ್ತು. ನಮ್ಮ ಕಡೆ ಸಿಹಿ ಪಾತ್ರೆಯನ್ನು ನೀರು ಹಾಕದೆ ಬಿಟ್ಟರೆ ಬೆಳಗಾಗುವುದರೊಳಗೆ ಇರುವೆಗಳ ಜಾತ್ರೆ. ಒಂದಿಷ್ಟು ನೀರು ಹಾಕಿ, ನೆನೆಯಲಿ, ನಾಳೆ ತೊಳೆದರಾಯಿತು ಎಂದು ಕಿಟಕಿಯಲ್ಲೇ ಇಟ್ಟು ಮಲಗಿದೆ. ಬೆಳಗಿನ ಜಾವ ಗುಡುಗು ಸಿಡಿಲಿನೊಂದಿಗೆ ಮಳೆ ಹೊಯ್ಯಿತು. ಮಳೆ ಬಂದರೆ ಕರೆಂಟು ಹೋಗುವುದು ನಮ್ಮಲ್ಲಿ ಹೇಳಬೇಕಾದ ಮಾತೇ ಅಲ್ಲ. ಮಾವನವರಿಗೆ ಬೆಳಕು ಹರಿಯುವವರೆಗೆ ಕಾಯುವ ತಾಳ್ಮೆಯೆಲ್ಲಿ? ಕತ್ತಲಲ್ಲೇ ಕಿಟಕಿಯಿಂದ ಗ್ಲಾಸು ತೆಗೆದುಕೊಂಡು ಹೋಗಿ, ಡಬ್ಬಿಯ ನೀರನ್ನು ಸುರಿದು, ಆಮೇಲೆ ಟಾರ್ಚು ಬಿಟ್ಟು ಗೆರೆ ಓದಿದರು.

"ಒಂದು ಇಂಚು ಐದು ಸೆಂಟ್ಸ್! ಹಾಕಮ್ಮ, ಹಾಕು!" ಎಂದು ಒಳಗೆ ಬಂದವರ ಮುಖ ಮಗುವಿನ ಮುಖವಾಗಿತ್ತು. ನಾನು ಟೈಪ್ ಮಾಡಿ ಕಳಿಸಿದೆ. ಗುಂಪಿನಲ್ಲಿ ಕೈಮುಗಿಯುವ ಚಿತ್ರಗಳ ಸುರಿಮಳೆ. "ನಿಮ್ಮ ಅಳತೆ ಅಂದ್ಮೇಲೆ ಮುಗೀತು, ಪೈಪೆಲ್ಲ ಎತ್ತಿಡ್ತೀವಿ" ಎಂದು ಒಬ್ಬರು. ನನ್ನ ಗಂಡ ಕೆರೆಯ ಪಂಪನ್ನು ಬಿಚ್ಚಿಡಲು ಹೊರಟೇಬಿಟ್ಟರು.

ಈ ಖುಷಿಗೊಂದು ಶರಬತ್ತು ಆಗಲಿ ಎಂದು ಅಡುಗೆಮನೆಗೆ ಹೋದೆ. ಕಿಟಕಿಯಲ್ಲಿ ಗ್ಲಾಸಿಲ್ಲ. ಜಗಲಿಯ ಮೇಲಿತ್ತು. ಎತ್ತಿಕೊಂಡೆ. ಆಗ ನೆನಪಾಯಿತು, ನಾನು ಅದನ್ನು ಖಾಲಿ ಬಿಟ್ಟಿರಲಿಲ್ಲ ಎಂದು.

ಗ್ಲಾಸು ಹಿಡಿದುಕೊಂಡೇ ಹೋಗಿ ಅತ್ತೆಗೆ ಹೇಳಿದೆ. ಅವರು ಬೈಯಲಿಲ್ಲ. "ಎಷ್ಟು ನೀರಿತ್ತು? ಬೆರಳಿಟ್ಟು ತೋರ್ಸು" ಎಂದರು. ತೋರಿಸಿದೆ. ಮೂವತ್ತು ಸೆಂಟ್ಸಿನ ಗೆರೆ. ಅಂದರೆ ಬಿದ್ದ ಮಳೆ ಎಪ್ಪತ್ತೈದೇ ಸೆಂಟ್ಸ್. ಇಡೀ ಇಳಿಜಾರಿನವರು ನನ್ನ ಎಂಜಲು ಪಾಕದ ನೀರನ್ನು ನಂಬಿ ಪಂಪು ಬಿಚ್ಚುತ್ತಿದ್ದರು. "ನೀನು ಬಾಯಿ ಬಿಡ್ಬೇಡ" ಎಂದು ಅತ್ತೆ ಸೀದಾ ಜಗಲಿಗೆ ಹೋದರು. ನಾನು ಬಾಗಿಲ ಹಿಂದೆ ನಿಂತೆ.

"ನೋಡಿ ಇಲ್ಲಿ, ಒಂದು ಎಡವಟ್ಟಾಯ್ತು. ರಾತ್ರಿ ನಾನು ಆ ಗ್ಲಾಸಿಗೆ ಮೂವತ್ತು ಸೆಂಟ್ಸ್ ನೀರು ಹಾಕಿ ನೆನೆಯೋಕೆ ಇಟ್ಟಿದ್ದೆ."

ಮಾವನವರು ಅಂಗಳದ ಡಬ್ಬಿಯ ಕಡೆ ತಿರುಗಿ ನೋಡಿದರು. ಇಷ್ಟು ವರ್ಷ ಅವರ ಮಾತಿಗಿದ್ದ ಬೆಲೆಯೇ ಅಲ್ಲಿ ಪಣಕ್ಕೆ ಬಿದ್ದಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ಹೂವು ಕರಟಿದರೆ ಬಿಸಿಲಿನ ಮೇಲೆ ಹಾಕಬಹುದು. ಆಮೇಲೆ ನನ್ನನ್ನು ಕರೆದರು. "ಫೋನ್ ತಗೊಳಮ್ಮ. ಬರಿ. ಬೆಳಗ್ಗೆ ಹಾಕಿದ್ದ ಲೆಕ್ಕ ತಪ್ಪು. ಮಳೆ ಎಪ್ಪತ್ತೈದು ಸೆಂಟ್ಸ್ ಮಾತ್ರ. ನನ್ನ ಕಣ್ಣಿಗೆ ಗೆರೆ ಸರಿಯಾಗಿ ಕಾಣ್ಲಿಲ್ಲ. ಪೈಪ್ ಎತ್ತಿದ್ದೋರು ದಯಮಾಡಿ ಮತ್ತೆ ಹೂಡ್ಕೊಳಿ."

"ಕಣ್ಣಿಗೆ ಅಂತ ಬರೀಲಾ ಮಾವ?"

"ಹೂಂ. ಕಣ್ಣಿಗೆ ಅಂತ್ಲೇ ಬರಿ."

ನನ್ನ ತಪ್ಪಿನ ಮೇಲೆ ಅವರ ಹೆಸರನ್ನು ನನ್ನ ಕೈಯಿಂದಲೇ ಬರೆದೆ. ಎರಡು ಸಲ ಅಳಿಸಿ ಮತ್ತೆ ಬರೆದೆ.

ಎಲ್ಲರೂ ಮತ್ತೆ ಪಂಪು ಹೂಡಿದರು. ಎಂಟೊಂಬತ್ತು ದಿನಕ್ಕೆ ಹೂವಾಯಿತು; ಗುಡ್ಡವೆಲ್ಲ ಬೆಳ್ಳಗೆ, ಉಸಿರು ಕಟ್ಟುವಷ್ಟು ಪರಿಮಳ. ಆದರೆ ಮಾವನವರಿಗೆ ಕನ್ನಡಕದ ಗೇಲಿ ತಪ್ಪಲಿಲ್ಲ. ಮೂಡಿಗೆರೆಯ ಪೇಟೆಯಲ್ಲಿ ಸಿಕ್ಕಿದವರೆಲ್ಲ, "ಏನ್ ಗೌಡ್ರೇ, ಕನ್ನಡಕ ಬಂತಾ? ಈ ಸಲ ಇಂಚೋ ಅರ್ಧ ಇಂಚೋ?" ಎಂದು ಕಾಲೆಳೆದರು. ಒಬ್ಬೊಬ್ಬರಾಗಿ ತಮ್ಮದೇ ಡಬ್ಬಿ, ಗ್ಲಾಸು ತಂದಿಟ್ಟುಕೊಂಡರು. ಬೆಳಗ್ಗೆ ಇವರ ಲೆಕ್ಕಕ್ಕೆ ಕಾಯುವವರು ಕಡಿಮೆಯಾದರು. ಅವರು ಮಾತ್ರ ಅಳೆಯುವುದನ್ನು ಬಿಡಲಿಲ್ಲ. ಆದರೆ ಆಮೇಲಿಂದ ನೀರು ಸುರಿದ ಗ್ಲಾಸನ್ನು ನನ್ನ ಕೈಗೆ ಕೊಟ್ಟು, "ನೀನೇ ಓದಮ್ಮ, ನಂಗೆ ಕಾಣಲ್ಲ" ಎನ್ನುತ್ತಿದ್ದರು. ವಯಸ್ಸಾಯಿತು, ನಿಜಕ್ಕೂ ಕಣ್ಣು ಮಂಜಾಗಿದೆ ಎಂದುಕೊಂಡೆ. ಹೇಳಿಬಿಡಬೇಕು ಎಂದು ಪ್ರತಿ ಮಳೆಗೂ ಅಂದುಕೊಳ್ಳುತ್ತಿದ್ದೆ. ಹೇಳಲಿಲ್ಲ. ಮೂರು ಬೇಸಿಗೆ ಕಳೆದು, ಒಂದು ಮಳೆಗಾಲದಲ್ಲಿ ಅವರು ತೀರಿಕೊಂಡರು.

ಮರುವರ್ಷ ಅತ್ತೆಯೂ ನಾನೂ ಮುರುಗಲು ಸಿಪ್ಪೆ ಹಿಂಡುತ್ತ ಕೂತಿದ್ದಾಗ ತಡೆಯಲಾಗಲಿಲ್ಲ. "ಮಾವನಿಗೆ ಸತ್ಯ ಹೇಳದೆ ಕಳಿಸಿಬಿಟ್ಟೆ ನಾನು" ಎಂದೆ.

ಅತ್ತೆ ಕೈ ನಿಲ್ಲಿಸಲಿಲ್ಲ. "ಅವ್ರಿಗೆ ಆವತ್ತೇ ಗೊತ್ತಿತ್ತು ಕಣೆ. ಮೂವತ್ತೈದು ವರ್ಷ ಆ ಗ್ಲಾಸು ತೊಳ್ದು ಬೋರಲು ಹಾಕ್ದೋಳು ನಾನು. ನೀರು ನಿಲ್ಸಿಟ್ಟೆ ಅಂದ್ರೆ ನಂಬೋರಾ ಅವ್ರು?"

"ಮತ್ತೆ ಕಣ್ಣು?"

"ಕಣ್ಣಿಗೇನಾಗಿತ್ತು ಮಾರಾಯ್ತಿ? ಹೋಗೋ ಹಿಂದಿನ ವಾರನೂ ನಂಗೆ ಸೂಜಿಗೆ ದಾರ ಪೋಣಿಸಿ ಕೊಟ್ಟಿದ್ರು."

ನಾನು ಕೆಂಪು ಕೈಯಲ್ಲೇ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತುಬಿಟ್ಟೆ. ಮೂರು ವರ್ಷ, ಪ್ರತಿ ಮಳೆಯ ಬೆಳಗ್ಗೆಯೂ, ಎಲ್ಲ ಕಾಣುತ್ತಿದ್ದ ಆ ಮನುಷ್ಯ ನನ್ನನ್ನೇ ನಂಬಿ ಅಳತೆ ಕೇಳಿದ್ದರು.